ಪರರಾಜ್ಯದ ಗೌರವವೂ ಪೌರನ ಹೆಸರೂ

ಕೊಯಮತ್ತೂರಿನ ಆರ್.ಎಸ್. ಪುರಂ ಬಡಾವಣೆಯ ನಡುವೆ ಹಾಯುವ ದೊಡ್ಡ ಅಂಗಡಿಬೀದಿಗೆ ಡಿ.ಬಿ. ರೋಡ್ ಎಂದು ಹೆಸರು. ಆಟೋದವನಿಗೂ, ಜವಳಿ ಅಂಗಡಿಯ ಗುಮಾಸ್ತನಿಗೂ, ಅಂಚೆಯವನಿಗೂ ಆ ಎರಡು ಅಕ್ಷರಗಳೇ ಸಾಕು. ಅವು ‘ದಿವಾನ್ ಬಹಾದೂರ್’ ಎಂಬ ಬ್ರಿಟಿಷ್ ಕಾಲದ ಬಿರುದಿನ ಸಂಕ್ಷೇಪವೆಂದು ನೆನಪಿಟ್ಟವರು ಈಗ ಕಡಿಮೆ. ಬಡಾವಣೆಯ ಹೆಸರಿನಲ್ಲಿರುವ ಆರ್.ಎಸ್. ಎಂದರೆ ರತ್ನಸಭಾಪತಿ, ಎಂದರೆ ಪುರಸಭೆಯ ಅಧ್ಯಕ್ಷರಾಗಿ ಊರನ್ನು ಬೆಳೆಸಿದವರೆಂದು ಹೆಸರಾದ ದಿವಾನ್ ಬಹಾದೂರ್ ಸಿ.ಎಸ್. ರತ್ನಸಭಾಪತಿ ಮೊದಲಿಯಾರರು. ಅದೇ ಬಡಾವಣೆಯಲ್ಲಿ ಸರ್ ಷಣ್ಮುಗಂ ರೋಡ್ ಎಂಬ ಇನ್ನೊಂದು ಬೀದಿಯೂ ಉಂಟು. ಅವಿನಾಶಿ ರಸ್ತೆಗೆ ಬಂದರೆ 1862ರಲ್ಲಿ ಆರಂಭವಾದ ಸ್ಟೇನ್ಸ್ ಶಾಲೆ. ಅದರ ಸ್ಥಾಪಕರೂ ಈ ಊರಿಗೆ ನೂಲಿನ ಗಿರಣಿಯನ್ನು ತಂದವರೂ ಆದ ರಾಬರ್ಟ್ ಸ್ಟೇನ್ಸರಿಗೆ 1920ರಲ್ಲಿ ‘ಸರ್’ ಪದವಿ ದೊರೆಯಿತು. ಹೀಗೆ, ಬಿರುದುಗಳನ್ನು ರದ್ದುಮಾಡಿದ ಸಂವಿಧಾನವು ಜಾರಿಗೆ ಬಂದು ಮುಕ್ಕಾಲು ಶತಮಾನ ಕಳೆದರೂ, ಈಗ ನಮ್ಮದಲ್ಲದ ಒಂದು ಸಿಂಹಾಸನವು ದಯಪಾಲಿಸಿದ ಬಿರುದುಗಳು ನಗರದ ಫಲಕಗಳ ಮೇಲೆ, ಅಂಚೆಯ ವಿಳಾಸಗಳಲ್ಲಿ, ಯಾರ ಆಕ್ಷೇಪವೂ ಇಲ್ಲದೆ ನಿಂತಿವೆ.

ಇವುಗಳನ್ನು ಕಿತ್ತೊಗೆಯಬೇಕೆಂದು ನಾನು ಹೇಳುವವನಲ್ಲ. ಆದರೆ ಭಾರತದ ಪೌರನೊಬ್ಬನು ಹೊರದೇಶದ ಸರ್ಕಾರವು ಕೊಡುವ ಗೌರವವನ್ನು ಸ್ವೀಕರಿಸಬಹುದೇ, ಸ್ವೀಕರಿಸಿದ ಮೇಲೆ ಎದೆಯ ಮೇಲೆ ಧರಿಸಬಹುದೇ, ಧರಿಸಿದ ಮೇಲೆ ತನ್ನ ಹೆಸರಿನ ಮುಂದೆ ಬರೆದುಕೊಳ್ಳಬಹುದೇ ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ನ್ಯಾಯವ್ಯವಸ್ಥೆಯಲ್ಲಿ ಇರುವ ಉತ್ತರವು, ಜನರು ಭಾವಿಸುವಷ್ಟು ಖಚಿತವಾದದ್ದಲ್ಲ. ಅದನ್ನು ಒಮ್ಮೆ ಆದ್ಯಂತವಾಗಿ ಪರಿಶೀಲಿಸಲು ಈ ಕೊಂಗುನಾಡು ಒಳ್ಳೆಯ ನೆಲೆ. 1799ರವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ, ಇಂದಿಗೂ ದೇವಾಂಗ ನೇಕಾರರೂ ಒಕ್ಕಲಿಗರೂ ಮನೆಯಲ್ಲಿ ಕನ್ನಡವಾಡುವ, 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲವನ್ನೇ ತನ್ನ ಒಂದು ತಾಲ್ಲೂಕನ್ನಾಗಿ ಹೊಂದಿದ್ದ ಕೊಯಮತ್ತೂರು ಜಿಲ್ಲೆಯ ಕಥೆಯು ಕನ್ನಡಿಗರಿಗೆ ಹೊರಗಿನದೂ ಅಲ್ಲ.

ಬ್ರಿಟಿಷ್ ಸರ್ಕಾರವು ಭಾರತೀಯರಿಗೆ ಬಿರುದು ಕೊಡುವುದನ್ನು ಒಂದು ಪೂರ್ಣ ಇಲಾಖೆಯ ಕೆಲಸವನ್ನಾಗಿಯೇ ಮಾಡಿಕೊಂಡಿತ್ತು. ಕೆಳಗಿನ ಮೆಟ್ಟಿಲಲ್ಲಿ ರಾವ್ ಸಾಹೇಬ್, ಅದರ ಮೇಲೆ ರಾವ್ ಬಹಾದೂರ್, ಅದಕ್ಕೂ ಮೇಲೆ ದಿವಾನ್ ಬಹಾದೂರ್. ಮುಸಲ್ಮಾನರಿಗೆ ಖಾನ್ ಸಾಹೇಬ್, ಖಾನ್ ಬಹಾದೂರ್. ಇವುಗಳನ್ನು ವೈಸರಾಯರ ಸನ್ನದಿನಿಂದ ಕೊಡುತ್ತಿದ್ದರು. 1911ರಿಂದ ಮೂರು ದರ್ಜೆಯ ಪದಕಗಳೂ ಜೊತೆಗೂಡಿದವು, ದರ್ಬಾರಿನ ದಿನ ಅವನ್ನು ಕೊರಳಿನ ಪಟ್ಟಿಯಲ್ಲಿ ತೂಗಿಸಿಕೊಂಡು ಹೋಗತಕ್ಕದ್ದು. ಇನ್ನೂ ಮೇಲೆ ಚಕ್ರವರ್ತಿಯ ಹೆಸರಿನಲ್ಲಿ ಬರುವ ಸಿ.ಐ.ಇ., ಕೆ.ಸಿ.ಐ.ಇ. ಮುಂತಾದವು, ಇವುಗಳಲ್ಲಿ ಕೆಲವು ಹೆಸರಿನ ಹಿಂದೆ ‘ಸರ್’ ಎಂಬುದನ್ನು ತಂದುಕೊಡುತ್ತಿದ್ದವು. ಆ ಕಾಲದ ಪೌರನಿಗೆ ಇವು ಪರರಾಜ್ಯದ ಗೌರವಗಳಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆತನು ಆ ಚಕ್ರವರ್ತಿಯ ಪ್ರಜೆಯೇ ಆಗಿದ್ದನು. ಬಿರುದು ಪರಕೀಯವೆಂದು ಮೊದಲು ಅನ್ನಿಸಿದ್ದು ಕಾನೂನಿಗಲ್ಲ, ಮನಸ್ಸಿಗೆ. ಮದರಾಸಿನ ಎಸ್. ಸುಬ್ರಹ್ಮಣ್ಯ ಅಯ್ಯರ್ ಅವರು 1918ರಲ್ಲಿ ತಮ್ಮ ಕೆ.ಸಿ.ಐ.ಇ. ಯನ್ನೂ ದಿವಾನ್ ಬಹಾದೂರ್ ಪದವಿಯನ್ನೂ ತ್ಯಜಿಸಿದರು. 1919ರಲ್ಲಿ, ಜಲಿಯನ್‌ವಾಲಾ ಬಾಗಿನ ಘೋರಕೃತ್ಯದ ತರುವಾಯ, ರವೀಂದ್ರನಾಥ ಠಾಕೂರರು ‘ಸರ್’ ಪದವಿಯನ್ನು ಹಿಂದಿರುಗಿಸಿದರು. 1920ರ ಆಗಸ್ಟ್ 1ರಂದು ಗಾಂಧೀಜಿಯವರು ಕೈಸರ್-ಇ-ಹಿಂದ್ ಸ್ವರ್ಣಪದಕದೊಡನೆ ದಕ್ಷಿಣ ಆಫ್ರಿಕದ ಎರಡು ಯುದ್ಧಪದಕಗಳನ್ನೂ ಮರಳಿಸಿದರು. ಅದೇ ವರ್ಷ ಕಲ್ಕತ್ತೆಯಲ್ಲಿ ಕೂಡಿದ ಕಾಂಗ್ರೆಸ್ಸಿನ ವಿಶೇಷ ಅಧಿವೇಶನವು ಬಿರುದುಗಳ ಪರಿತ್ಯಾಗವನ್ನು ಅಸಹಕಾರದ ಕಾರ್ಯಕ್ರಮದಲ್ಲಿ ಮೊದಲನೆಯ ಅಂಶವನ್ನಾಗಿ ಇರಿಸಿತು.

ಆದರೂ ಬಿರುದುಗಳ ಹಸಿವು ಅಷ್ಟಕ್ಕೇ ತಣಿಯುವಂಥದಲ್ಲ. ಮತ್ತು ಬಿರುದನ್ನು ಪಡೆದವರೆಲ್ಲರೂ ದೇಶದ್ರೋಹಿಗಳೆಂದು ಬಗೆಯುವುದೂ ನ್ಯಾಯವಲ್ಲ. ಕೊಯಮತ್ತೂರಿನಲ್ಲಿ ಹುಟ್ಟಿದ ಆರ್.ಕೆ. ಷಣ್ಮುಖಂ ಚೆಟ್ಟಿಯವರಿಗೆ 1933ರಲ್ಲಿ ಕೆ.ಸಿ.ಐ.ಇ. ಬಂದಿತು. ಇಲ್ಲಿಂದ ಐವತ್ತು ಕಿಲೋಮೀಟರಿನಾಚೆ, ಅಂದಿಗೆ ಇದೇ ಜಿಲ್ಲೆಗೆ ಸೇರಿದ್ದ ತಿರುಪ್ಪೂರಿನ ಬೀದಿಯಲ್ಲಿ, ಅದರ ಹಿಂದಿನ ವರ್ಷದ ಜನವರಿಯಲ್ಲಿ, ಪೊಲೀಸರ ಲಾಠಿ ಏಟಿಗೆ ಬಿದ್ದರೂ ಕೈಯ ಬಾವುಟವನ್ನು ಬಿಡದೆ ಜನವರಿ 11ರಂದು ಅಸುನೀಗಿದ ಕುಮರನ್ ಎಂಬ ತರುಣನಿಗೆ ಜನರು ತಾವಾಗಿಯೇ ‘ಕೊಡಿ ಕಾತ್ತ ಕುಮರನ್’ ಎಂದು ಹೆಸರಿಟ್ಟರು: ಬಾವುಟವನ್ನು ಕಾಯ್ದ ಕುಮಾರ. ಆ ಬಿರುದಿಗೆ ಸನ್ನದಿಲ್ಲ, ಪದಕವಿಲ್ಲ. ಯಾವ ಸಂವಿಧಾನದ ಯಾವ ವಿಧಿಯೂ ಅದನ್ನು ಮುಟ್ಟುವಂತಿಲ್ಲ. ಒಂದೇ ಜಿಲ್ಲೆ ಒಂದೇ ಕಾಲದಲ್ಲಿ ಕಂಡ ಈ ಎರಡು ಗೌರವಗಳನ್ನು ಎದುರೆದುರು ನಿಲ್ಲಿಸಿ ತೀರ್ಪು ಹೇಳುವುದು ಸುಲಭ; ಆದರೆ ಅದೇ ಷಣ್ಮುಖಂ ಚೆಟ್ಟಿಯವರನ್ನೇ ಸ್ವತಂತ್ರ ಭಾರತವು ತನ್ನ ಪ್ರಥಮ ಅರ್ಥಸಚಿವರನ್ನಾಗಿ ಆರಿಸಿಕೊಂಡಿತು, 1947ರ ನವೆಂಬರ್ 26ರಂದು ಸ್ವತಂತ್ರ ರಾಷ್ಟ್ರದ ಮೊದಲ ಆಯವ್ಯಯಪತ್ರವನ್ನು ಮಂಡಿಸಿದವರು ಒಬ್ಬ ‘ಸರ್’ ಎಂಬುದನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.

ಇದೇ ಊರಿನ ಇನ್ನೊಬ್ಬರ ಕಥೆ ಇನ್ನೂ ಬೋಧಪ್ರದವಾದುದು. 1912ರಲ್ಲಿ ಇಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಸಂವರ್ಧನ ಕೇಂದ್ರದಲ್ಲಿ ದುಡಿದು, ಕಾಡುಹುಲ್ಲಿನೊಡನೆ ಕಬ್ಬನ್ನು ಕೂಡಿಸಿ ಹೊಸ ತಳಿಗಳನ್ನು ತೆಗೆದ ಟಿ.ಎಸ್. ವೆಂಕಟರಾಮನ್ ಅವರು ರಾವ್ ಬಹಾದೂರರಾದರು, 1937ರಲ್ಲಿ ಸಿ.ಐ.ಇ. ಪಡೆದರು, 1942ರಲ್ಲಿ ‘ಸರ್’ ಆದರು. ಆ ಕೇಂದ್ರದ ತಳಿಗಳಿಗೆ ‘ಕೋ’ ಎಂದು ಹೆಸರಿಡುವುದು ಕೊಯಮತ್ತೂರಿನ ಮೊದಲಕ್ಷರದಿಂದ. ಮಂಡ್ಯದ ಗದ್ದೆಗಳಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಕಾಣುತ್ತಿದ್ದ ‘ಕೋ 419’ ಅಲ್ಲಿಂದ ಬಂದುದೇ. ಅದೇ ವೆಂಕಟರಾಮನ್ ಅವರಿಗೆ 1956ರಲ್ಲಿ ಗಣರಾಜ್ಯವು ಪದ್ಮಭೂಷಣವನ್ನಿತ್ತಿತು. ಹಳೆಯ ಪ್ರಭುತ್ವವು ಕೊಟ್ಟ ಗೌರವವು ಹೊಸ ಪ್ರಭುತ್ವದ ಕಣ್ಣಿಗೆ ಕಳಂಕವಾಗಿ ಕಾಣಲಿಲ್ಲ. ಸಂವಿಧಾನವು ಹಿಂದಿನ ಬಿರುದುಗಳನ್ನು ಕಸಿದುಕೊಳ್ಳಲಿಲ್ಲ. ಮುಂದೆ ಕೊಡುವುದನ್ನೂ ಪಡೆಯುವುದನ್ನೂ ಮಾತ್ರ ನಿಷೇಧಿಸಿತು. ಆದಕಾರಣ 1950ಕ್ಕೆ ಮೊದಲು ‘ಸರ್’ ಆದವರು ಆಮೇಲೂ ‘ಸರ್’ ಎಂದೇ ಕರೆಯಿಸಿಕೊಂಡರೆ ಅದರಲ್ಲಿ ಅಪರಾಧವೇನೂ ಇರಲಿಲ್ಲ.

ಇನ್ನು ಆ ಸಂವಿಧಾನದ ಮಾತು. ನಮ್ಮ 18ನೆಯ ವಿಧಿಯು ನಾಲ್ಕು ಉಪವಾಕ್ಯಗಳಲ್ಲಿ ಮುಗಿಯುತ್ತದೆ. ಸೈನಿಕ ಅಥವಾ ವಿದ್ಯಾವಿಷಯಕವಾದ ವಿಶಿಷ್ಟ ಗೌರವವಲ್ಲದ ಯಾವ ಬಿರುದನ್ನೂ ರಾಜ್ಯವು ಪ್ರದಾನ ಮಾಡತಕ್ಕದ್ದಲ್ಲ ಎಂಬುದು ಮೊದಲನೆಯದು. ಭಾರತದ ಯಾವ ಪೌರನೂ ಯಾವುದೇ ಪರರಾಜ್ಯದಿಂದ ಬಿರುದನ್ನು ಸ್ವೀಕರಿಸತಕ್ಕದ್ದಲ್ಲ ಎಂಬುದು ಎರಡನೆಯದು. ಭಾರತದ ಪೌರನಲ್ಲದೆ ಇಲ್ಲಿ ಲಾಭದ ಅಥವಾ ವಿಶ್ವಾಸದ ಹುದ್ದೆಯಲ್ಲಿರುವವನು ರಾಷ್ಟ್ರಪತಿಯ ಅನುಮತಿಯಿಲ್ಲದೆ ಹಾಗೆ ಸ್ವೀಕರಿಸಬಾರದೆಂಬುದು ಮೂರನೆಯದು. ಅಂಥ ಹುದ್ದೆಯಲ್ಲಿರುವ ಯಾವಾತನೂ ಆ ಅನುಮತಿಯಿಲ್ಲದೆ ಪರರಾಜ್ಯದ ಕಾಣಿಕೆಯನ್ನಾಗಲಿ ಸಂಭಾವನೆಯನ್ನಾಗಲಿ ಹುದ್ದೆಯನ್ನಾಗಲಿ ಸ್ವೀಕರಿಸಬಾರದೆಂಬುದು ನಾಲ್ಕನೆಯದು. ಈ ಕೊನೆಯ ಉಪವಾಕ್ಯದ ಮೂಲವನ್ನು 1787ರ ಅಮೆರಿಕದ ಸಂವಿಧಾನದಲ್ಲಿ ಕಾಣಬಹುದು; ಆದರೆ ಅಮೆರಿಕವು ತನ್ನ ಅಧಿಕಾರಿಗಳನ್ನು ಮಾತ್ರ ಕಟ್ಟಿಹಾಕಿ ಸಾಮಾನ್ಯ ಪೌರನನ್ನು ಅವನ ಪಾಡಿಗೆ ಬಿಟ್ಟಿದೆ. ನಾವು ಪೌರನನ್ನೂ ಕಟ್ಟಿದೆವು, ಅದೂ ಯಾರ ಅನುಮತಿಯಿಂದಲೂ ಸಡಿಲಿಸಲಾಗದ ಗಂಟಿನಿಂದ. 1937ರ ಐರಿಷ್ ಸಂವಿಧಾನದಲ್ಲಾದರೋ ಸರ್ಕಾರದ ಪೂರ್ವಾನುಮತಿ ದೊರೆತರೆ ಪೌರನು ಬಿರುದನ್ನು ಸ್ವೀಕರಿಸಬಹುದು.

ಈ ವಿಧಿಯನ್ನು ರೂಪಿಸಿದವರು ಯಾರು ಎಂದು ನೋಡಹೊರಟರೆ ಒಂದು ಸ್ವಾರಸ್ಯವು ಕಣ್ಣಿಗೆ ಬೀಳುತ್ತದೆ. 1947ರ ಆಗಸ್ಟ್‌ನಲ್ಲಿ ರಚಿತವಾದ ಕರಡು ಸಮಿತಿಯ ಏಳು ಮಂದಿ ಸದಸ್ಯರಲ್ಲಿ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಎನ್. ಗೋಪಾಲಸ್ವಾಮಿ ಅಯ್ಯಂಗಾರ್, ಮುಹಮ್ಮದ್ ಸಾದುಲ್ಲಾ, ಬಿ.ಎಲ್. ಮಿತ್ತರ್, ಈ ನಾಲ್ವರೂ ಬ್ರಿಟಿಷ್ ದೊರೆಯಿಂದ ‘ಸರ್’ ಪದವಿಯನ್ನು ಪಡೆದವರು. ಸಮಿತಿಗೆ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಸಂವಿಧಾನ ಸಲಹೆಗಾರರಾದ ನಮ್ಮ ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾಯರು 1938ರಲ್ಲಿ ‘ಸರ್’ ಆದವರು. ಬಿರುದುಗಳ ಬಾಗಿಲನ್ನು ಮುಚ್ಚಿದವರು ಒಳಗೆ ಬಂದು ಕುಳಿತವರೇ! ಇದನ್ನು ವ್ಯಂಗ್ಯವೆಂದು ಕೆಲವರು ನಗಬಹುದು. ನನಗೆ ಇದು ಆ ಪೀಳಿಗೆಯ ದೊಡ್ಡತನವಾಗಿಯೇ ತೋರುತ್ತದೆ. ಬಿರುದಿನ ಬೆಲೆಯೂ ಅದರ ಬಾಧೆಯೂ ಅನುಭವಿಸಿದವನಿಗೆ ತಿಳಿದಷ್ಟು ಮತ್ತೊಬ್ಬನಿಗೆ ತಿಳಿಯಲಾರದು.

ಈ ವಿಧಿಯು ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದಾಗ, ಇದನ್ನು ಮೀರಿದವನಿಗೆ ಶಿಕ್ಷೆಯೇನೆಂಬ ಪ್ರಶ್ನೆ ಎದ್ದಿತು. ಅಂಬೇಡ್ಕರರು ಕೊಟ್ಟ ಉತ್ತರದ ತಾತ್ಪರ್ಯವಿದು: ಬಿರುದನ್ನು ಸ್ವೀಕರಿಸದಿರುವುದು ಪೌರನ ಹಕ್ಕಲ್ಲ, ಪೌರತ್ವವು ಮುಂದುವರಿಯಲು ಆತನ ಮೇಲೆ ಹೊರಿಸಿದ ಒಂದು ಕರ್ತವ್ಯ, ಅದನ್ನು ಮೀರಿದವನನ್ನು ಏನು ಮಾಡಬೇಕೆಂಬುದನ್ನು ಪಾರ್ಲಿಮೆಂಟು ಶಾಸನದ ಮೂಲಕ ನಿರ್ಧರಿಸಬಹುದು, ಪೌರತ್ವವನ್ನೇ ಕಳೆದುಕೊಳ್ಳುವುದೂ ಅಂಥ ಶಿಕ್ಷೆಗಳಲ್ಲಿ ಒಂದಾಗಬಹುದು. ಮಾತು ಕಠಿನವಾಗಿಯೇ ಇದೆ. ಆದರೆ ಪಾರ್ಲಿಮೆಂಟು ಅಂಥ ಶಾಸನವನ್ನು ಇಂದಿನವರೆಗೂ ಮಾಡಿಲ್ಲ. ಪೌರತ್ವದ ಶಾಸನವಾಗಲಿ ದಂಡಸಂಹಿತೆಯಾಗಲಿ ಬಿರುದಿನ ಗೊಡವೆಗೆ ಹೋಗಿಲ್ಲ. ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಕುಳಿತಿರುವ ಈ ನಿಷೇಧವು, ಆಜ್ಞೆಯುಂಟು ದಂಡವಿಲ್ಲ ಎಂಬ ವಿಚಿತ್ರ ಸ್ಥಿತಿಯಲ್ಲಿ ಕಾಲ ಕಳೆಯುತ್ತಿದೆ.

ದಂಡವಿಲ್ಲದ್ದು ಒಂದು ಕೊರತೆಯಾದರೆ, ‘ಬಿರುದು’ ಎಂದರೆ ಏನೆಂಬುದನ್ನು ವಿಧಿಯು ಹೇಳದಿರುವುದು ಮತ್ತೊಂದು. 1954ರಲ್ಲಿ ಭಾರತರತ್ನವೂ ಪದ್ಮ ಪ್ರಶಸ್ತಿಗಳೂ ಆರಂಭವಾದೊಡನೆಯೇ, ಬಾಗಿಲಿನಿಂದ ಹೊರಗಟ್ಟಿದ್ದನ್ನು ಕಿಟಕಿಯಿಂದ ಬರಮಾಡಿಕೊಂಡಂತಾಯಿತೆಂಬ ಗೊಣಗಾಟ ಶುರುವಾಯಿತು. ಆಚಾರ್ಯ ಕೃಪಲಾನಿಯವರು 1969ರಲ್ಲಿ ಇವುಗಳನ್ನು ರದ್ದುಮಾಡಲು ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ತಂದರು; ಅದು ಬಿದ್ದುಹೋಯಿತು. 1977ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರವು ಪ್ರಶಸ್ತಿಗಳನ್ನು ನಿಲ್ಲಿಸಿತು. 1980ರಲ್ಲಿ ಇಂದಿರಾ ಗಾಂಧಿಯವರು ಮತ್ತೆ ಆರಂಭಿಸಿದರು. ಕಡೆಗೆ ಬಾಲಾಜಿ ರಾಘವನ್ ಮೊಕದ್ದಮೆಯಲ್ಲಿ 1995ರ ಡಿಸೆಂಬರ್ 15ರಂದು, ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿಯವರು ಅಧ್ಯಕ್ಷರಾಗಿದ್ದ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಗೆರೆಯೆಳೆಯಿತು. ಸಮಾನತೆಯ ತತ್ತ್ವವು ಯೋಗ್ಯತೆಯನ್ನು ಗುರುತಿಸಬಾರದೆಂದು ಹೇಳುವುದಿಲ್ಲ. ಭಾರತರತ್ನವೂ ಪದ್ಮ ಪ್ರಶಸ್ತಿಗಳೂ 18ನೆಯ ವಿಧಿಯು ನಿಷೇಧಿಸಿದ ಬಿರುದುಗಳಲ್ಲ. ಆದರೆ ಅವುಗಳನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಸೇರಿಸಿಕೊಳ್ಳಕೂಡದು, ಸೇರಿಸಿಕೊಂಡವನು ಪ್ರಶಸ್ತಿಯನ್ನು ಕಳೆದುಕೊಳ್ಳಲು ಅರ್ಹನಾಗುತ್ತಾನೆ ಎಂದು ಅದು ತೀರ್ಮಾನಿಸಿತು.

ಈ ತೀರ್ಪು ನೇರವಾಗಿ ನಮ್ಮ ಸರ್ಕಾರದ ಪ್ರಶಸ್ತಿಗಳ ಕುರಿತಾದದ್ದೇ ಆದರೂ, ಪರರಾಜ್ಯದ ಗೌರವಗಳ ವಿಷಯದಲ್ಲಿ ನಮಗಿರುವ ದೀಪವೂ ಇದೊಂದೇ. ಎದೆಗೆ ತೂಗುವುದು ಪ್ರಶಸ್ತಿ, ಹೆಸರಿಗೆ ಅಂಟುವುದು ಬಿರುದು ಎಂಬ ವಿವೇಕವನ್ನು ಒಪ್ಪಿದರೆ, ಎರಡನೆಯ ಉಪವಾಕ್ಯವು ಪದಕಕ್ಕೆ ಅಡ್ಡಬರುವುದಿಲ್ಲ, ಪದವಿಗೆ ಮಾತ್ರ ಅಡ್ಡಬರುತ್ತದೆ. ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರು 2007ರಲ್ಲಿ ಬ್ರಿಟನ್ನಿನ ಗೌರವ ಸಿ.ಬಿ.ಇ. ಯನ್ನೂ ಮರುವರ್ಷ ಫ್ರಾನ್ಸಿನ ಲೀಜಿಯನ್ ಆಫ್ ಆನರ್ ಅನ್ನೂ ಪಡೆದರು, ಅದೇ ಫ್ರೆಂಚ್ ಗೌರವವು 2016ರಲ್ಲಿ ಕಿರಣ್ ಮಜುಂದಾರ್ ಶಾ ಅವರಿಗೂ 2018ರಲ್ಲಿ ಅಜೀಂ ಪ್ರೇಮ್‌ಜಿಯವರಿಗೂ ಸಂದಿತು, ಸಿ.ಎನ್.ಆರ್. ರಾವ್ ಅವರಿಗೆ 2015ರಲ್ಲಿ ಜಪಾನಿನ ಉದಯರವಿಯ ಗೌರವ ಬಂದಿತು. ಪ್ರಧಾನಮಂತ್ರಿಗಳೂ ಹೊರಗುಳಿದಿಲ್ಲ: ಮನಮೋಹನ ಸಿಂಗರು ಜಪಾನಿನಿಂದಲೂ ಸೌದಿ ಅರೇಬಿಯದಿಂದಲೂ, ನರೇಂದ್ರ ಮೋದಿಯವರು ಸೌದಿ ಅರೇಬಿಯ, ಸಂಯುಕ್ತ ಅರಬ್ ಎಮಿರೇಟ್ಸ್, ಫ್ರಾನ್ಸ್ ಮೊದಲಾದ ಅನೇಕ ದೇಶಗಳಿಂದಲೂ ಅತ್ಯುಚ್ಚ ಗೌರವಗಳನ್ನು ಸ್ವೀಕರಿಸಿದ್ದಾರೆ. ಇವರಲ್ಲಿ ಯಾರೂ ಆ ಗೌರವವನ್ನು ಹೆಸರಿಗೆ ಜೋಡಿಸಿಕೊಂಡವರಲ್ಲ.

ಜೋಡಿಸಿದ್ದು ಜನ. ತಮಿಳು ಚಿತ್ರರಂಗದ ಶಿವಾಜಿ ಗಣೇಶನ್ ಅವರಿಗೆ 1995ರಲ್ಲಿ ಫ್ರೆಂಚ್ ಸರ್ಕಾರವು ಕಲೆ ಮತ್ತು ಸಾಹಿತ್ಯಗಳ ಗೌರವಶ್ರೇಣಿಯ ‘ಷೆವಾಲಿಯೆ’ ದರ್ಜೆಯನ್ನು ಕೊಟ್ಟಿತು. ಬಹುಬೇಗನೆ ಆತ ‘ಚೆವಾಲಿಯರ್ ಶಿವಾಜಿ ಗಣೇಶನ್’ ಆದರು. ಮದರಾಸಿನ ತ್ಯಾಗರಾಯನಗರದ ದಕ್ಷಿಣ ಬೋಗ್ ರಸ್ತೆಯು ಚೆವಾಲಿಯರ್ ಶಿವಾಜಿ ಗಣೇಶನ್ ರಸ್ತೆಯಾಯಿತು. ಹೆಸರಿಗೆ ಅಂಟಿಕೊಂಡದ್ದೇ ಬಿರುದೆಂಬ ನ್ಯಾಯವನ್ನು ಅಕ್ಷರಶಃ ಹಿಡಿದರೆ, ಇಲ್ಲಿ ಪರರಾಜ್ಯವು ಪ್ರಶಸ್ತಿಯಾಗಿ ಕೊಟ್ಟದ್ದನ್ನು ನಾವೇ ಬಿರುದನ್ನಾಗಿ ಪರಿವರ್ತಿಸಿದೆವು. ನಡಿಗರ್ ತಿಲಗಂ, ಪುರಟ್ಚಿ ತಲೈವರ್, ಕಲೈಞರ್ ಎಂದು ಪಟ್ಟಗಳ ಮೇಲೆ ಪಟ್ಟಗಳನ್ನು ಕಟ್ಟುವ ನಾಡಿನಲ್ಲಿ ಇದು ಅನಿರೀಕ್ಷಿತವೇನೂ ಅಲ್ಲ; ನಾವು ಕನ್ನಡಿಗರೂ ಈ ವಿಷಯದಲ್ಲಿ ಅವರಿಗಿಂತ ಹಿಂದೆ ಬಿದ್ದವರಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ಸಂಚಾರ ಆರಂಭಿಸಿದ ರೈಲು ನಿಲ್ದಾಣಕ್ಕೆ ಭಾರತ ಸರ್ಕಾರದ ರೈಲ್ವೆ ಇಲಾಖೆಯೇ ಇಟ್ಟ ಹೆಸರು ‘ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್’. 1915ರಲ್ಲಿ ಇಂಗ್ಲೆಂಡಿನ ದೊರೆಯು ಕೊಟ್ಟದ್ದು ಫಲಕದ ಮೇಲಿದೆ. 1955ರಲ್ಲಿ ನಮ್ಮ ಗಣರಾಜ್ಯವು ಕೊಟ್ಟ ಭಾರತರತ್ನವು, ನ್ಯಾಯಾಲಯದ ಮಾತಿಗೆ ವಿಧೇಯವಾಗಿಯೋ ಎಂಬಂತೆ, ಇಲ್ಲ.

ಪ್ರಸಂಗವಶಾತ್ ಒಂದು ಮಾತು. ಮದರಾಸು ಸರ್ಕಾರವು 1949ರಲ್ಲಿ ಮಂಜೇಶ್ವರದ ಗೋವಿಂದ ಪೈಗಳನ್ನು ರಾಷ್ಟ್ರಕವಿಯೆಂದು ಸಾರಿದಾಗ ಸಂವಿಧಾನವು ಇನ್ನೂ ಜಾರಿಗೆ ಬಂದಿರಲಿಲ್ಲ. 1964ರಲ್ಲಿ ಕುವೆಂಪು ಅವರಿಗೂ 2006ರಲ್ಲಿ ಜಿ.ಎಸ್. ಶಿವರುದ್ರಪ್ಪನವರಿಗೂ ನಮ್ಮ ರಾಜ್ಯಸರ್ಕಾರವು ಆ ಗೌರವವನ್ನು ಸಲ್ಲಿಸಿದಾಗ ಅದು ಜಾರಿಯಲ್ಲಿದ್ದಿತು; ಮೂವರ ಹೆಸರನ್ನೂ ‘ರಾಷ್ಟ್ರಕವಿ’ ಎಂಬ ಪೂರ್ವಪದವಿಲ್ಲದೆ ಪಠ್ಯಪುಸ್ತಕದಲ್ಲಿ ಕಾಣುವುದು ಅಪರೂಪ. ರಾಜ್ಯವು ಬಿರುದನ್ನು ಕೊಡತಕ್ಕದ್ದಲ್ಲವೆಂಬ ಮೊದಲ ಉಪವಾಕ್ಯದೊಡನೆ ಇದು ಹೇಗೆ ಹೊಂದುತ್ತದೆಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ, ನನಗೂ ಬಾರದು. ಪ್ರೀತಿಯು ಕಾನೂನಿಗಿಂತ ಮುಂದೆ ಹೋದ ಸಂದರ್ಭಗಳಲ್ಲಿ ಇದೊಂದು.

ಮೂಲಪ್ರಶ್ನೆಗೆ ಬರೋಣ. ಬಿರುದು ಯಾವುದೆಂಬುದು ತಿಳಿದಮೇಲೆ ಪರರಾಜ್ಯ ಯಾವುದೆಂಬುದು ತಿಳಿಯಬೇಕು. ಈ ಸಮಸ್ತ ವಿಷಯದಲ್ಲಿ ಅತ್ಯಂತ ಕುತೂಹಲಕರವಾದ ಭಾಗವೂ ಇದೇ. ಭಾರತವಲ್ಲದ ಯಾವ ರಾಜ್ಯವಾದರೂ ಪರರಾಜ್ಯವೇ ಎಂದು 367ನೆಯ ವಿಧಿಯು ಹೇಳಿ, ಒಡನೆಯೇ, ನಿರ್ದಿಷ್ಟ ಪ್ರಯೋಜನಗಳಿಗಾಗಿ ಯಾವುದೇ ರಾಜ್ಯವನ್ನು ಪರರಾಜ್ಯವಲ್ಲವೆಂದು ಆಜ್ಞೆಯಿಂದ ಘೋಷಿಸಬಹುದೆಂದು ಸೇರಿಸುತ್ತದೆ. 1950ರಲ್ಲಿಯೇ ಹೊರಟ ಅಂಥ ಒಂದು ಆಜ್ಞೆಯ ಮೇರೆಗೆ, ಕಾಮನ್‌ವೆಲ್ತ್ ಕೂಟಕ್ಕೆ ಸೇರಿದ ಯಾವ ದೇಶವೂ ಸಂವಿಧಾನದ ದೃಷ್ಟಿಯಲ್ಲಿ ಪರರಾಜ್ಯವಲ್ಲ. ಹಾಗೆಂದಮೇಲೆ, ಯಾವ ಬ್ರಿಟಿಷ್ ಬಿರುದುಗಳನ್ನು ಕಣ್ಣೆದುರಿಟ್ಟುಕೊಂಡು 18ನೆಯ ವಿಧಿಯನ್ನು ಬರೆದರೋ, ಆ ಬ್ರಿಟನ್ನಿಗೇ ಅದರ ಎರಡನೆಯ ಉಪವಾಕ್ಯವು ಅಕ್ಷರಾರ್ಥದಲ್ಲಿ ತಗಲುವುದಿಲ್ಲ! ಬೇರೆ ಶಾಸನಗಳ ಪ್ರಯೋಜನಕ್ಕೆ ಅಂಥ ದೇಶವು ವಿದೇಶವೇ ಆಗಿರಬಹುದೆಂದು ಸರ್ವೋಚ್ಚ ನ್ಯಾಯಾಲಯವು ಜಗನ್ನಾಥ ಸಾಥು ಮೊಕದ್ದಮೆಯಲ್ಲಿ ಹೇಳಿದೆ. ಆದರೆ ಅಲ್ಲಿದ್ದದ್ದು ಬಿರುದಿನ ಪ್ರಶ್ನೆಯಲ್ಲ.

ನಾವು ತೆರೆದಿಟ್ಟ ಈ ಬಾಗಿಲನ್ನು ಆಚೆಯಿಂದ ಮುಚ್ಚಿದವರು ಬ್ರಿಟಿಷರೇ. ತಮ್ಮ ದೊರೆಯನ್ನು ರಾಜ್ಯಾಧಿಪತಿಯೆಂದು ಒಪ್ಪದ ದೇಶದವನಿಗೆ ಅವರು ಗೌರವಾರ್ಥವಾಗಿ ಮಾತ್ರ ಪದವಿಯನ್ನು ಕೊಡುತ್ತಾರೆ. ಆತನು ಅಕ್ಷರಗಳನ್ನು ಹೆಸರಿನ ಮುಂದೆ ಬರೆದುಕೊಳ್ಳಬಹುದೇ ಹೊರತು ‘ಸರ್’ ಎನಿಸಿಕೊಳ್ಳಲಾರನು. 2001ರಲ್ಲಿ ಗೌರವ ಕೆ.ಬಿ.ಇ. ಪಡೆದ ರವಿಶಂಕರರು ಪಂಡಿತ್ ಆಗಿಯೇ ಉಳಿದರು. 2009ರಲ್ಲಿ ಅದೇ ಪದವಿಯನ್ನೂ 2014ರಲ್ಲಿ ಅದಕ್ಕೂ ಹಿರಿದನ್ನೂ ಪಡೆದ ರತನ್ ಟಾಟಾ ಅವರು ಶ್ರೀಯುತರಾಗಿಯೇ ಉಳಿದರು. ಆದರೆ ಕಾಮನ್‌ವೆಲ್ತ್ ಎಂದರೆ ಬ್ರಿಟನ್ ಒಂದೇ ಅಲ್ಲವಲ್ಲ. ಪಾಕಿಸ್ತಾನವು 1972ರಲ್ಲಿ ಆ ಕೂಟವನ್ನು ಬಿಟ್ಟು 1989ರಲ್ಲಿ ಮತ್ತೆ ಸೇರಿತು. ಮರುವರ್ಷವೇ ಅದು ತನ್ನ ಅತ್ಯುನ್ನತ ಗೌರವವಾದ ನಿಶಾನ್-ಎ-ಪಾಕಿಸ್ತಾನವನ್ನು ಮೊರಾರ್ಜಿ ದೇಸಾಯಿಯವರಿಗೆ ಕೊಟ್ಟಿತು. ಸ್ವದೇಶದ ಪ್ರಶಸ್ತಿಗಳನ್ನೇ ನಿಲ್ಲಿಸಿದ ಪ್ರಧಾನಿ ನೆರೆದೇಶದ ಪ್ರಶಸ್ತಿಯನ್ನು ಸ್ವೀಕರಿಸಿದ್ದು ಅವರ ಸ್ವಭಾವದ ವೈಚಿತ್ರ್ಯಗಳಲ್ಲೊಂದು. ನಟ ದಿಲೀಪ್ ಕುಮಾರರಿಗೆ 1998ರಲ್ಲಿ ನಿಶಾನ್-ಎ-ಇಮ್ತಿಯಾಜ್ ಬಂದಾಗಲೂ, ಮರುವರ್ಷ ಕಾರ್ಗಿಲ್ ಯುದ್ಧದ ವೇಳೆ ಅದನ್ನು ಹಿಂದಿರುಗಿಸಬೇಕೆಂದು ಮುಂಬಯಿಯಲ್ಲಿ ದೊಡ್ಡ ಕೂಗೆದ್ದಾಗಲೂ, ಕಾನೂನಿನ ಪುಸ್ತಕದಲ್ಲಿ ಪಾಕಿಸ್ತಾನವು ಪರರಾಜ್ಯವಲ್ಲದ ರಾಜ್ಯವೇ ಆಗಿತ್ತು. ಪ್ರಧಾನಿ ವಾಜಪೇಯಿಯವರು ಆ ವಿಷಯವನ್ನು ದಿಲೀಪ್ ಕುಮಾರರ ವಿವೇಚನೆಗೇ ಬಿಟ್ಟರು, ಅವರು ಹಿಂದಿರುಗಿಸಲಿಲ್ಲ. ಕಾನೂನು ಹೇಳಬೇಕಾದ ಉತ್ತರವನ್ನು ರಾಜಕಾರಣದ ಗದ್ದಲವು ಹೇಳಹೊರಡುವುದು ಇಂಥ ಕಡೆಗಳಲ್ಲಿಯೇ.

ಸೈನಿಕರ ವಿಷಯವು ಇನ್ನೂ ಸೂಕ್ಷ್ಮವಾದದ್ದು. ಸೈನಿಕ ಗೌರವಗಳಿಗೆ ವಿನಾಯಿತಿ ಕೊಟ್ಟಿರುವುದು ಮೊದಲ ಉಪವಾಕ್ಯದಲ್ಲಿ, ಎಂದರೆ ನಮ್ಮ ರಾಜ್ಯವು ಕೊಡುವಾಗ. ಪರರಾಜ್ಯದಿಂದ ಸ್ವೀಕರಿಸುವ ಎರಡನೆಯ ಉಪವಾಕ್ಯದಲ್ಲಿ ಆ ವಿನಾಯಿತಿಯ ಸೊಲ್ಲೇ ಇಲ್ಲ. ಹೀಗಿರಲು ನೇಪಾಳದ ಕಥೆಯನ್ನು ಕೇಳಿ. ಅಲ್ಲಿನ ದೊರೆಯು 1950ರಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರಿಯಪ್ಪನವರಿಗೆ ತಮ್ಮ ಸೇನೆಯ ಗೌರವ ಜನರಲ್ ಪದವಿಯನ್ನು ಕೊಟ್ಟರು. ಅಂದಿನಿಂದ ಭಾರತದ ಭೂಸೇನೆಯ ಮುಖ್ಯಸ್ಥನಿಗೆ ನೇಪಾಳವೂ, ನೇಪಾಳದ ಮುಖ್ಯಸ್ಥನಿಗೆ ಭಾರತವೂ ಈ ಪದವಿಯನ್ನು ಕೊಟ್ಟುಕೊಳ್ಳುವುದು ವಾಡಿಕೆಯಾಗಿದೆ. ನೇಪಾಳ ಕಾಮನ್‌ವೆಲ್ತ್‌ಗೆ ಸೇರಿದ್ದಲ್ಲ. ಇದನ್ನು ಬಿರುದೆಂದರೆ ಎರಡನೆಯ ಉಪವಾಕ್ಯವು ಅಡ್ಡ ನಿಲ್ಲುತ್ತದೆ, ಹುದ್ದೆಯೆಂದರೆ ನಾಲ್ಕನೆಯದರ ಪ್ರಕಾರ ರಾಷ್ಟ್ರಪತಿಯ ಅನುಮತಿಯಿಂದ ಸರಿಹೋಗುತ್ತದೆ. ಎರಡು ಸರ್ಕಾರಗಳ ಸೌಹಾರ್ದವು ಎರಡನೆಯ ಅರ್ಥವನ್ನೇ ಆರಿಸಿಕೊಂಡಿದೆಯೆಂದು ತಿಳಿಯುವುದು ಕ್ಷೇಮ. ಧರಿಸುವ ವಿಷಯದಲ್ಲಿಯಾದರೋ ಸೈನ್ಯಕ್ಕೆ ಸ್ಪಷ್ಟವಾದ ಕ್ರಮವಿದೆ: ಪದಕಗಳ ಸಾಲಿನಲ್ಲಿ ನಮ್ಮ ದೇಶದವು ಮೊದಲು, ಕಾಮನ್‌ವೆಲ್ತ್ ದೇಶಗಳವು ಆಮೇಲೆ, ಉಳಿದವು ಎಲ್ಲಕ್ಕೂ ಕೊನೆಯಲ್ಲಿ. ಸೂಲೂರಿನ ವಾಯುಪಡೆಯ ನೆಲೆಯಿಂದ ಸಮಾರಂಭಕ್ಕೆ ಹೊರಟ ಅಧಿಕಾರಿಯು ಯಾವ ಪಟ್ಟಿಯನ್ನು ಎಲ್ಲಿ ಚುಚ್ಚಿಕೊಳ್ಳಬೇಕೆಂದು ನಿಯಮವನ್ನು ತೆರೆದು ನೋಡಬಲ್ಲನು. ಅದೇ ಊರಿನ ಗಿರಣಿಯ ಮಾಲೀಕನು ಯೂರೋಪಿನ ಯಾವುದೋ ಸರ್ಕಾರವು ವ್ಯಾಪಾರಸ್ನೇಹಕ್ಕಾಗಿ ಕೊಟ್ಟ ಪದಕವನ್ನು ಮಗಳ ಮದುವೆಯಲ್ಲಿ ಕೋಟಿಗೆ ಚುಚ್ಚಿಕೊಂಡರೆ, ಮಾಡು ಎನ್ನುವ ನಿಯಮವೂ ಇಲ್ಲ, ಬೇಡ ಎನ್ನುವ ನಿಯಮವೂ ಇಲ್ಲ.

ಸರ್ಕಾರಿ ನೌಕರನು ಇವೆರಡರ ನಡುವೆ ಇದ್ದಾನೆ. 1964ರ ಕೇಂದ್ರ ನಾಗರಿಕ ಸೇವಾ ನಡತೆಯ ನಿಯಮಗಳು, ಪೂರ್ವಾನುಮತಿಯಿಲ್ಲದೆ ಆತನು ಅಭಿನಂದನಪತ್ರವನ್ನು ಸ್ವೀಕರಿಸುವುದನ್ನೂ ತನ್ನ ಗೌರವಾರ್ಥ ನಡೆಯುವ ಸಭೆಗೆ ಹೋಗುವುದನ್ನೂ ತಡೆಯುತ್ತವೆ. ವಿದೇಶದ ಉಡುಗೊರೆಗಳು ತೋಷಖಾನೆಗೆ ಹೋಗತಕ್ಕದ್ದು. 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮಾತ್ರ ಪಡೆದವನೇ ಇಟ್ಟುಕೊಳ್ಳಬಹುದು. ಇದು ನಡೆಯುವ ವ್ಯವಸ್ಥೆ. ಏಕೆಂದರೆ ಇಲ್ಲಿ ಮೀರಿದವನನ್ನು ವಿಚಾರಿಸಲು ಒಬ್ಬ ಮೇಲಧಿಕಾರಿಯಿದ್ದಾನೆ.

ಪೌರನು ಅನ್ಯರಾಜನ ಗುರುತನ್ನು ಹೊತ್ತು ತಿರುಗುವುದನ್ನು ಕಂಡು ಪ್ರಭುತ್ವಕ್ಕೆ ಕಸಿವಿಸಿಯಾಗುವುದು ಹಳೆಯ ರೋಗ. 1595ರಲ್ಲಿ ತುರುಕರ ವಿರುದ್ಧದ ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಚಕ್ರವರ್ತಿ ರುಡಾಲ್ಫನಿಂದ ಕೌಂಟ್ ಪದವಿಯನ್ನು ಪಡೆದು ಊರಿಗೆ ಮರಳಿದ ತಾಮಸ್ ಅರುಂಡೆಲ್ ಎಂಬಾತನನ್ನು ಎಲಿಜಬೆತ್ ರಾಣಿಯು ಸೆರೆಗೆ ಕಳುಹಿಸಿದಳು. ನಮ್ಮ ಕಾಲದಲ್ಲಿಯೂ, ಕೆನಡಾದ ಪತ್ರಿಕೋದ್ಯಮಿ ಕಾನ್ರಾಡ್ ಬ್ಲ್ಯಾಕ್ ಬ್ರಿಟಿಷ್ ಲಾರ್ಡ್ ಆಗಲು ಹೊರಟಾಗ ಕೆನಡಾದ ಪ್ರಧಾನಮಂತ್ರಿಯು ಅಡ್ಡಬಂದರು. 2001ರಲ್ಲಿ ಆತ ಕೆನಡಾದ ಪೌರತ್ವವನ್ನೇ ಬಿಟ್ಟು ಲಾರ್ಡ್ ಆದರು. ಅಂಬೇಡ್ಕರರು ಶಿಕ್ಷೆಯಾಗಿ ಊಹಿಸಿದ್ದನ್ನು ಆತ ಬೆಲೆಯಾಗಿ ತೆತ್ತರು.

ಈ ಎಲ್ಲವನ್ನೂ ನೋಡಿದ ಮೇಲೆ ನನಗೆ ತೋರುವುದು ಇಷ್ಟು. ಪರರಾಜ್ಯದ ಗೌರವವೆಂಬುದರಿಂದ ಗಣರಾಜ್ಯಕ್ಕೆ ಒದಗಬಹುದಾದ ಅಪಾಯವು ಪೌರನ ಎದೆಯಲ್ಲಿಲ್ಲ. ವಿಜ್ಞಾನಿಯೊಬ್ಬನು, ಸಂಗೀತಗಾರನೊಬ್ಬನು, ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬನು ಹೊರದೇಶದ ಪದಕವನ್ನು ಧರಿಸಿದ ಮಾತ್ರಕ್ಕೆ ಸಮಾನತೆಗೆ ಭಂಗ ಬರುವುದಿಲ್ಲ. ಭಂಗ ಬರುವುದು ಎರಡು ಕಡೆ: ಅಧಿಕಾರಸ್ಥಾನದಲ್ಲಿರುವವನು ಋಣಕ್ಕೆ ಬಿದ್ದಾಗ, ಮತ್ತು ಗೌರವವು ಹೆಸರಿಗೆ ಸೇರಿ ಮೇಲುಕೀಳಿನ ಮೆಟ್ಟಿಲಾದಾಗ. ಮೊದಲನೆಯದಕ್ಕೆ ನಮ್ಮಲ್ಲಿ ಅನುಮತಿಯ ನಿಯಮವಿದೆ, ಅದು ಬಹುಮಟ್ಟಿಗೆ ನಡೆಯುತ್ತಲೂ ಇದೆ. ಎರಡನೆಯದಕ್ಕೆ ಇರುವುದು ಅರ್ಥವಿವರಣೆಯಿಲ್ಲದ ಒಂದು ಪದ, ದಂಡವಿಲ್ಲದ ಒಂದು ನಿಷೇಧ, ಮತ್ತು ಐವತ್ತಕ್ಕೂ ಹೆಚ್ಚು ದೇಶಗಳನ್ನು ಪರರಾಜ್ಯವಲ್ಲವೆಂದು ಒಟ್ಟಿಗೆ ಬಿಟ್ಟುಬಿಡುವ ಒಂದು ಹಳೆಯ ಆಜ್ಞೆ. ಆ ಆಜ್ಞೆಯಿಂದ 18ನೆಯ ವಿಧಿಯನ್ನು ಹೊರಗಿಡಬೇಕು; ಸ್ವೀಕರಿಸಿದ ಗೌರವವನ್ನು ಸರ್ಕಾರಕ್ಕೆ ತಿಳಿಸಿ ದಾಖಲಿಸುವ ಸರಳ ಕ್ರಮವೊಂದು ಬೇಕು; ಹೆಸರಿಗೆ ಸೇರಿಸಿಕೊಳ್ಳುವುದನ್ನು ಸ್ಪಷ್ಟವಾದ ಮಾತಿನಲ್ಲಿ ತಡೆಯಬೇಕು. ಪೌರತ್ವವನ್ನು ಕಸಿಯುವಂಥ ಘೋರಶಿಕ್ಷೆಯು ಇದಕ್ಕೆ ಬೇಕಿಲ್ಲ. ಆ ಅಸ್ತ್ರವನ್ನು ಯಾವ ಸರ್ಕಾರದ ಕೈಯಲ್ಲಿಯೂ ಇಡಲು ನಾನು ಒಪ್ಪಲಾರೆ. ಈ ಶಾಸನವನ್ನು ಮಾಡುವ ಅಧಿಕಾರವು ಸಂವಿಧಾನ ಸಭೆಯ ಕಾಲದಿಂದಲೂ ಪಾರ್ಲಿಮೆಂಟಿನ ಕೈಯಲ್ಲಿಯೇ ಇದೆ. ಅದು ಮನಸ್ಸು ಮಾಡುವವರೆಗೆ, ಹೊರದೇಶದ ಗೌರವವು ಬಂದ ಓದುಗರು ಅದನ್ನು ಸಂತೋಷದಿಂದ ಸ್ವೀಕರಿಸಲಿ, ಹುದ್ದೆಯಲ್ಲಿದ್ದರೆ ಮೊದಲೇ ಅನುಮತಿಯನ್ನು ಪಡೆಯಲಿ, ಸಮಾರಂಭದಲ್ಲಿ ಧರಿಸಲಿ; ಲಗ್ನಪತ್ರಿಕೆಯಲ್ಲಿ ಮಾತ್ರ ಅಚ್ಚುಹಾಕಿಸದಿರಲಿ.